ಮಲಯಾಳ ಬಲ್ಲವರಿಗೆ ಕನ್ನಡ ಕಲಿಸುವಾಗ

ಕಾಸರಗೋಡು

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ನೀನು ಸಂಜೆ ಕನ್ನಡ ಕ್ಲಾಸು ಶುರು ಮಾಡುತ್ತೀ ಎಂದು ಅಮ್ಮ ಹೇಳಿದಳು. ಬರುವವರೆಲ್ಲ ಮಲಯಾಳದವರು, ಮಂಗಳೂರಿನ ಆಸ್ಪತ್ರೆಗಳಲ್ಲಿ ನರ್ಸುಗಳು, ಅಲ್ವಾ? ತುಂಬಾ ಖುಷಿಯಾಯಿತು. 1956ರಲ್ಲಿ ನಮ್ಮೂರು ಕೇರಳಕ್ಕೆ ಸೇರಿದ ಮೇಲೆ ನಾವು ಅವರ ಭಾಷೆ ಕಲಿತೆವು. ಈಗ ಅವರು ನಮ್ಮ ಭಾಷೆ ಕೇಳಿಕೊಂಡು ಬಂದಿದ್ದಾರೆ. ಬೇಸರದಿಂದ ಎದ್ದು ಹೋಗಬಾರದು.

ಯಾವ ಪುಸ್ತಕ ಎಂದು ಕೇಳಿದ್ದೀಯ. ಒಂದನೇ ಕ್ಲಾಸಿನದು ಮಾತ್ರ ಬೇಡ. ದೊಡ್ಡವರಿಗೆ ಮೊದಲ ಸಲ ಕಲಿಸಿದಾಗ ನಾನು ಅದನ್ನೇ ಹಿಡಿದುಕೊಂಡು ಹೋಗಿದ್ದೆ. ಮೂವತ್ತು ದಾಟಿದವರ ಕೈಯಲ್ಲಿ ಅ, ಆ ಓದಿಸಿದೆ. ಎರಡನೇ ವಾರ ಮೂವರು ಬರಲೇ ಇಲ್ಲ. ನೆನೆದರೆ ಈಗಲೂ ಬೇಸರವಾಗುತ್ತದೆ.

ಬೆಂಗಳೂರಿನ ಮಾತುಕತೆ ಇರುವ ಪುಸ್ತಕವನ್ನೂ ನೋಡಿ ತೆಗೆದುಕೋ. ಅಲ್ಲಿ 'ಹೋಗ್ತೀನಿ' ಅಂತ ಇರುತ್ತದೆ. ಮಂಗಳೂರಿನ ರೋಗಿ 'ಹೋಗ್ತೇನೆ' ಅನ್ನುತ್ತಾನೆ, 'ಏನು' ಬದಲು 'ಎಂತ' ಅನ್ನುತ್ತಾನೆ. ಆ 'ಎಂತ' ಮಲಯಾಳದವರಿಗೆ ಮನೆಮಾತಿನ ಹಾಗೇ ಕೇಳಿಸುತ್ತದೆ. ಅಲ್ಲಿಂದಲೇ ಶುರು ಮಾಡು.

ಅಕ್ಷರಕ್ಕೆ ಜಾಸ್ತಿ ದಿನ ಬೇಡ. ಕ ಖ ಗ ಘ ಅವರಿಗೆ ಗೊತ್ತೇ ಇದೆ. ತೊಡಕು ಕಾಗುಣಿತದಲ್ಲಿ. 'ಕೆ' ಬರೆಯುವಾಗ ಮಲಯಾಳದಲ್ಲಿ ಎತ್ವ ಎಡಗಡೆ ನಿಲ್ಲುತ್ತದೆ, ನಮ್ಮಲ್ಲಿ ತಲೆಯ ಮೇಲೆ. ಅದಕ್ಕೆ ಒಂದು ಹಾಳೆ ನೀನೇ ಬರೆದು ಕೊಡು.

ಶಬ್ದಗಳೂ ಅರ್ಧ ಅವರ ಹತ್ತಿರವೇ ಇವೆ. ಪಾಲ್ ಹಾಲು, ಪುಲಿ ಹುಲಿ, ಪತ್ತ್ ಹತ್ತು. ಆದರೆ 'ಸಂಸಾರ' ಅಂದರೆ ಅವರಿಗೆ ಮಾತು, 'ಅವಸರ' ಅಂದರೆ ಅವಕಾಶ. ರೋಗಿಗೆ 'ಸಂಸಾರ ಮಾಡಬೇಡಿ' ಎಂದುಬಿಟ್ಟರೆ ಆತ ಗಾಬರಿಯಾಗುತ್ತಾನೆ. ಇಂಥ ಶಬ್ದಗಳನ್ನು ಮೊದಲೇ ಪಟ್ಟಿ ಮಾಡು.

ನಿಜವಾದ ಕಷ್ಟ ಇರುವುದು ಕ್ರಿಯಾಪದದ ಬಾಲದಲ್ಲಿ. ಮಲಯಾಳದಲ್ಲಿ ಞಾನ್ ವನ್ನು, ನೀ ವನ್ನು, ಅವಳ್ ವನ್ನು, ಅವರ್ ವನ್ನು. ಯಾರು ಬಂದರೂ 'ವನ್ನು'. ನಮ್ಮಲ್ಲಿ ಬಂದೆ, ಬಂದಳು, ಬಂದರು, ಬಂತು. ಕೋಷ್ಟಕ ಬಾಯಿಪಾಠ ಮಾಡಿಸಿದರೆ ಸುಮ್ನೆ ಒಪ್ಪಿಸುತ್ತಾರೆ, ಮಾತಿಗೆ ಬರುವುದಿಲ್ಲ. ಅವರ ವಾರ್ಡಿನಿಂದಲೇ ಕಥೆ ತೆಗೆ. ಆಂಬ್ಯುಲೆನ್ಸ್ ಬಂತು, ಡಾಕ್ಟರು ಬಂದರು, ಮಗು ಅತ್ತಿತು, ನಾನು ಓಡಿದೆ. ಅಜ್ಜಿಯನ್ನು 'ಬಂದಳು' ಅಂದರೆ ಮನೆಯವರಿಗೆ ನೋವಾಗುತ್ತದೆ, 'ಬಂದರು' ಅನ್ನಬೇಕು ಎಂಬುದೂ ಅಲ್ಲೇ ಬರಲಿ. ನೀನು ಆರಿಸಿದ ಪುಸ್ತಕದಲ್ಲಿ ಈ ಬಾಲಗಳಿಗೆ ಸಾಕಷ್ಟು ಅಭ್ಯಾಸ ಇಲ್ಲದಿದ್ದರೆ, ಎಷ್ಟು ಚಂದ ಅಚ್ಚಾಗಿದ್ದರೂ ಬಿಡು.

ಓದಲು ಬಸ್ಸಿನ ಬೋರ್ಡು, ಆಸ್ಪತ್ರೆ ಗೋಡೆಯ ಸೂಚನೆಗಳ ಫೋಟೋ ತರಿಸು. ರೋಗಿಗಳ ಹೆಸರಿರುವ ಚೀಟಿ ಬೇಡ. ಎಲ್ಲಿ ನೋವು, ಯಾವಾಗಿನಿಂದ, ಊಟಕ್ಕೆ ಮೊದಲು, ಊಟದ ನಂತರ. ಇಷ್ಟು ಮೊದಲ ವಾರವೇ ಬಾಯಿಗೆ ಬಂದರೆ ಮರುದಿನ ಡ್ಯೂಟಿಯಲ್ಲೇ ಉಪಯೋಗಕ್ಕೆ ಬರುತ್ತದೆ.

ಭಾನುವಾರ ಈ ಕಡೆ ಬಾ. ನಾನು ಬರೆದಿಟ್ಟ ಹಾಳೆಗಳಿವೆ, ಬೇಕಾದದ್ದು ಆರಿಸಿಕೋ. ದೊಡ್ಡಮ್ಮ ಪತ್ರೊಡೆ ಮಾಡುತ್ತಾಳಂತೆ.

ನಿನ್ನ
ದೊಡ್ಡಪ್ಪ