ಚಳಿಗಾಲದ ಹೊಗೆಗೆ ಹೋಗಲು ದಾರಿಯಿಲ್ಲ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ನೇತ್ರಾವತಿ ದಡದ ನಮ್ಮ ಕಡೆ ಬೆಳಗ್ಗೆ ಹೊಗೆಯ ವಾಸನೆ ಜಾಸ್ತಿ. ತರಗೆಲೆ, ತೆಂಗಿನ ಮಡಲು ಸುಡುವುದು ಹಳೇ ರೂಢಿ. ಈಗ ಅದರ ಜೊತೆ ಪ್ಲಾಸ್ಟಿಕ್ ಕೂಡ ಬೆಂಕಿಗೆ ಬೀಳುತ್ತಿದೆ. ರಾತ್ರಿ ನೆಲ ಬೇಗ ತಣಿಯುತ್ತದೆ. ತಣ್ಣನೆ ಗಾಳಿ ತಗ್ಗಿನಲ್ಲೇ ಕೂರುತ್ತದೆ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ. ಹೊಗೆ ಎಲ್ಲಿಗೆ ಹೋಗಬೇಕು? ಮಧ್ಯಾಹ್ನ ಕಡಲ ಗಾಳಿ ಬೀಸಿದ ಮೇಲೆಯೇ ಉಸಿರು ಹಗುರ.

ಹೊಗೆಯಲ್ಲಿರುವ, ಉಸಿರಿನ ಜೊತೆ ಒಳಗೆ ಹೋಗುವ ಅತಿ ಸಣ್ಣ ಕಣಗಳಿಗೆ (ಪಿಎಂ 2.5) ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 15. ಅಸ್ತಮಾ ಇರುವ ನನ್ನ ಅಮ್ಮ ಬೆಳಗ್ಗೆ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದಾರೆ.

ತರಗೆಲೆಯನ್ನು ತೆಂಗಿನ ಬುಡಕ್ಕೆ ಹಾಕಿದರೆ ಗೊಬ್ಬರವಾಗುತ್ತದೆ, ಅಲ್ವಾ? ಮುಸ್ಸಂಜೆಗೆ ದಯವಿಟ್ಟು ಬೆಂಕಿ ಹಾಕಬೇಡಿ.

– ಓದುಗ, ಮಂಗಳೂರು