ಆ ಫೋಟೋದ ಮೆಷಿನ್ನಿಗೆ ಗಾರ್ಡ್ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ, ಕಂಪನಿ ಕೆಲಸ ಬಿಟ್ಟು ಊರಿಗೆ ಬಂದು ಮರಗೆಲಸ ಶುರು ಮಾಡಿದ ಹುಡುಗನೊಬ್ಬನ ಬಗ್ಗೆ ಬರೆದಿದ್ದಿರಿ. ಬರಹ ಚೆನ್ನಾಗಿತ್ತು. ನಮ್ಮ ಮಕ್ಕಳೇ ಉಳಿ ಹಿಡಿಯಲ್ಲ ಅನ್ನೋ ಕಾಲದಲ್ಲಿ ಓದಿದ ಹುಡುಗ ಈ ಕಡೆ ಬಂದಿದ್ದು ಖುಷಿಯೇ. ಆದರೆ ಅದರ ಜೊತೆಗಿದ್ದ ಫೋಟೋ ನೋಡಿ ನನಗೆ ಕುಡಿಯುತ್ತಿದ್ದ ಕಾಫಿ ಇಳಿಯಲಿಲ್ಲ.

ಹುಡುಗ ಕ್ಯಾಮೆರಾ ಕಡೆ ನೋಡಿ ನಗುತ್ತಾ, ಓಡುತ್ತಿರುವ ಕರೆಂಟ್ ಗರಗಸದ ಬ್ಲೇಡಿಗೆ ಹಲಗೆ ತಳ್ಳುತ್ತಿದ್ದಾನೆ. ಬ್ಲೇಡಿನ ಮೇಲೆ ಅದನ್ನು ಮುಚ್ಚುವ ಗಾರ್ಡ್ ಇಲ್ಲ. ಬ್ಲೇಡಿನ ಹಿಂದೆ ನಿಂತಿರಬೇಕಾದ ತಗಡೂ ಇಲ್ಲ. ಬಲಗೈಗೆ ದೇವಸ್ಥಾನದ ಕೆಂಪು ದಾರ, ಅದರ ತುದಿ ಜೋತಾಡುತ್ತಿದೆ. ಆ ದಾರ ಹಲ್ಲಿಗೆ ಸಿಕ್ಕರೆ ಕೈ ಹಿಂದೆ ಎಳೆದುಕೊಳ್ಳೋಕೆ ಟೈಮೇ ಇರಲ್ಲ.

ನಾನು ಸಾಗರದವನು. ಗುಡಿಗಾರರ ಊರು ಅಂತ ಹೆಸರಿರೋ ಊರಲ್ಲಿ ನನ್ನದು ಕೆತ್ತನೆ ಕೆಲಸ ಅಲ್ಲ, ಬಾಗಿಲು, ಕಿಟಕಿ, ಬೀಡಿಂಗ್ ಪಟ್ಟಿ. ಫೋಟೋದಲ್ಲಿದ್ದಂಥದ್ದೇ ಮೆಷಿನ್ ನನ್ನ ಶೆಡ್ಡಲ್ಲೂ ಇದೆ. ಗೊತ್ತಿಲ್ಲದವರಿಗೆ ಹೇಳ್ತೇನೆ: ಇದು ಒಂದರಲ್ಲಿ ಎರಡು. ಕೆಳಗಡೆ, ಬ್ಲೇಡ್ ಕೂತಿರುವ ಮೆಷಿನ್ನಿನ ತೋಳು ಒತ್ತಿದರೆ ಬ್ಲೇಡ್ ಇಳಿದು ಪಟ್ಟಿಯನ್ನು ಅಡ್ಡಕ್ಕೆ ಕೊಯ್ಯುತ್ತೆ, ಚೌಕಟ್ಟಿನ ಮೂಲೆಗೆ ಬೇಕಾದ ನಲವತ್ತೈದು ಡಿಗ್ರಿಯೂ ಅಲ್ಲೇ. ಅದೇ ತೋಳಿನ ನೆತ್ತಿಯ ಮೇಲೆ ಸಣ್ಣ ಟೇಬಲ್. ಅದರ ಸೀಳಿನಿಂದ ಅದೇ ಬ್ಲೇಡಿನ ಮೇಲ್ತುದಿ ಇಣುಕುತ್ತೆ, ಅಲ್ಲಿ ಹಲಗೆಯನ್ನು ಉದ್ದಕ್ಕೆ ಸೀಳಬಹುದು. ಮೋಟಾರ್ ಒಂದೇ, ಬ್ಲೇಡ್ ಒಂದೇ. ಅಪಾಯವೂ ಅಲ್ಲೇ ಇರೋದು. ನೀವು ಕೆಳಗೆ ಕೊಯ್ಯುವಾಗ ಮೇಲೆಯೂ ಅದು ತಿರುಗುತ್ತಿರುತ್ತೆ, ಮೇಲೆ ಸೀಳುವಾಗ ಕೆಳಗೂ ತಿರುಗುತ್ತಿರುತ್ತೆ. ನಮ್ಮ ಕಣ್ಣು ಮಾತ್ರ ಒಂದೇ ಕಡೆ.

ಅದಕ್ಕೇ ಕೆಳಗಿನ ಕೆಲಸಕ್ಕೆ ಮೊದಲು ಮೇಲಿನ ಟೇಬಲ್ಲನ್ನು ಪೂರ್ತಿ ಎತ್ತಿ ಬಿಗಿ ಮಾಡಬೇಕು, ಹಲ್ಲು ಹೊರಗೆ ಕಾಣಬಾರದು. ಮೇಲಿನ ಕೆಲಸಕ್ಕೆ ಮೊದಲು ತೋಳನ್ನು ಕೆಳಗೆ ಒತ್ತಿ ಪಿನ್ ಹಾಕಬೇಕು, ಕೆಳಗಿನ ಅರ್ಧಕ್ಕೆ ಕವರ್ ಬಂದಿದೆಯಾ ನೋಡಬೇಕು. ಅರ್ಧ ನಿಮಿಷದ ಕೆಲಸ. ಆದರೆ ದಿನಕ್ಕೆ ಇಪ್ಪತ್ತು ಸಲ ಮೇಲೆ ಕೆಳಗೆ ಮಾಡಬೇಕಾದಾಗ ಇಪ್ಪತ್ತೊಂದನೇ ಸಲ ಬಿಟ್ಟೇ ಬಿಡ್ತೇವೆ, ಅಲ್ವಾ?

ಬೇರೆಯವರಿಗೆ ಬುದ್ಧಿ ಹೇಳೋಕೆ ನನಗೇನು ಹಕ್ಕು ಅಂತ ಕೇಳಿದರೆ ಎಡಗೈಯ ನಡುಬೆರಳು ತೋರಿಸಬೇಕಾಗುತ್ತೆ. ಅದರ ಮೇಲಿನ ಗೆಣ್ಣು ಇಲ್ಲ. ಆರು ವರ್ಷದ ಹಿಂದೆ ಮಳೆಗಾಲದ ಒಂದು ಸಂಜೆ. ಹಲಸಿನ ಹಲಗೆಯಿಂದ ಮುಕ್ಕಾಲು ಇಂಚಿನ ಪಟ್ಟಿ ಸೀಳುತ್ತಿದ್ದೆ. ಅರ್ಧ ಸೀಳಿದ್ದೆ, ಕರೆಂಟ್ ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗೋದು ಸುದ್ದಿಯೇ ಅಲ್ಲ. ಬ್ಲೇಡ್ ನಿಧಾನಕ್ಕೆ ನಿಂತಿತು. ಸ್ವಿಚ್ ಆಫ್ ಮಾಡಲಿಲ್ಲ. ಪಟ್ಟಿ ಬ್ಲೇಡಿಗೂ, ಹಲಗೆ ನೇರಕ್ಕೆ ಹೋಗಲಿ ಅಂತ ಒರಗಿಸೋ ಗೈಡಿಗೂ ನಡುವೆ ಸಿಕ್ಕಿಕೊಂಡಿತ್ತು, ಸುಮ್ನೆ ನಿಲ್ಲೋದ್ಯಾಕೆ, ಬಿಡಿಸಿಟ್ಟರೆ ಆಯಿತು ಅಂತ ಕೈ ಹಾಕಿದೆ. ಆಗಲೇ ಕರೆಂಟ್ ಬಂತು. ನೋವು ಆಮೇಲೆ ಗೊತ್ತಾಗಿದ್ದು. ಮೊದಲು ಗೊತ್ತಾಗಿದ್ದು ಹಳದಿ ಹೊಟ್ಟು ಕೆಂಪಾಗಿದ್ದು.

ಈ ಮೆಷಿನ್ ಜೊತೆ ಬಂದಿದ್ದ ಸ್ವಿಚ್ ಹಾಗೆ ಮಾಡುತ್ತಿರಲಿಲ್ಲ. ಕರೆಂಟ್ ಹೋದರೆ ಅದು ತಾನೇ ಆಫ್ ಆಗುತ್ತೆ, ಕರೆಂಟ್ ಬಂದ ಮೇಲೆ ನಾವು ಹಸಿರು ಗುಂಡಿ ಮತ್ತೆ ಒತ್ತಬೇಕು. ಅದು ಕೆಟ್ಟಿತ್ತು. ಬದಲಿಗೆ ನಾನೇ ಎಂಬತ್ತು ರೂಪಾಯಿಯ ಸಾದಾ ಸ್ವಿಚ್ ಹಾಕಿಸಿದ್ದೆ. ಗಾರ್ಡನ್ನೂ ಅಡ್ಡ ಬರುತ್ತೆ ಅಂತ ನಾನೇ ತೆಗೆದು ಅಟ್ಟದ ಮೇಲಿಟ್ಟಿದ್ದೆ. ಯಾರನ್ನೂ ಬೈಯುವ ಹಾಗಿಲ್ಲ.

ಇನ್ನೊಂದು ಪೆದ್ದು ಕೆಲಸವನ್ನೂ ಹೇಳಿಬಿಡ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ತುಂಡಾದ ಬೆರಳನ್ನು ಲೋಟದ ಐಸಿಗೆ ನೇರವಾಗಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಹಾಗೆ ಮಾಡಬಾರದಂತೆ, ಮಾಂಸ ಸತ್ತುಹೋಗುತ್ತೆ. ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಲ್ಲಿ ಇಡಬೇಕು. ಗಾಯವನ್ನು ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿಕೊಂಡು ಹೋಗಬೇಕು.

ಫೋಟೋದಲ್ಲಿ ಇಲ್ಲದ ಆ ತಗಡಿನ ವಿಷಯಕ್ಕೆ ಬರ್ತೇನೆ. ರೈವಿಂಗ್ ನೈಫ್ ಅಂತಾರೆ. ನೋಡೋಕೆ ಏನೂ ಕೆಲಸ ಇಲ್ಲದ ತಗಡು, ಅದಕ್ಕೇ ಎಲ್ಲರೂ ಮೊದಲು ಬಿಚ್ಚೋದು ಅದನ್ನೇ. ಮರ ಸೀಳುತ್ತಾ ಹೋದ ಹಾಗೆ, ಒಳಗೆ ಹಸಿ ಇದ್ದರೆ, ಆ ಸಂದು ಮತ್ತೆ ಮುಚ್ಚಿಕೊಳ್ಳೋಕೆ ನೋಡುತ್ತೆ. ಸಿಲ್ವರ್ ಓಕ್ ಅಂತೂ ಇದರಲ್ಲಿ ಮಹಾ ಕಿಲಾಡಿ. ಬ್ಲೇಡಿನ ಮುಂಭಾಗದ ಹಲ್ಲು ಮರವನ್ನು ಟೇಬಲ್ಲಿಗೆ ಒತ್ತುತ್ತೆ, ಹಿಂಭಾಗದ ಹಲ್ಲು ಮೇಲಕ್ಕೆದ್ದು ನಮ್ಮ ಕಡೆಗೇ ಬರುತ್ತಿರುತ್ತೆ. ಸಂದು ಮುಚ್ಚಿ ಮರ ಆ ಹಿಂದಿನ ಹಲ್ಲನ್ನು ಹಿಡಿದರೆ, ಹಲಗೆ ಎದ್ದು ನಮ್ಮ ಹೊಟ್ಟೆಗೇ ಬರುತ್ತೆ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4,800 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 230 ಕಿಲೋಮೀಟರ್. ಲೆಕ್ಕ ನನ್ನ ಮಗಳು ಮಾಡಿಕೊಟ್ಟಿದ್ದು. ನನ್ನ ಶೆಡ್ಡಿನ ತಗಡಿನ ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ತಗ್ಗು ಇದೆ, ಹಾಗೆ ಹಾರಿದ ತುಂಡು ಮಾಡಿದ್ದು. ಅವತ್ತು ನಾನು ಒಂದು ಪಕ್ಕಕ್ಕೆ ನಿಂತಿದ್ದೆ. ಬ್ಲೇಡಿನ ನೇರಕ್ಕೆ ಯಾವತ್ತೂ ನಿಲ್ಲಬೇಡಿ. ಸಂದನ್ನು ತೆರೆದೇ ಇಡೋದು ಆ ತಗಡಿನ ಕೆಲಸ.

ಸಣ್ಣ ತುಂಡನ್ನು ಮೇಲಿನ ಟೇಬಲ್ಲಲ್ಲಿ ಗೈಡಿಗೆ ಒತ್ತಿ ಅಡ್ಡಕ್ಕೆ ಕೊಯ್ಯೋದನ್ನೂ ನೋಡಿದ್ದೇನೆ. ತುಂಡು ಓರೆಯಾಗಿ ಗೈಡಿಗೂ ಬ್ಲೇಡಿಗೂ ನಡುವೆ ಸಿಕ್ಕಿ ಹಾರುತ್ತೆ. ಅಡ್ಡಕ್ಕೆ ಕೊಯ್ಯೋಕೇ ಕೆಳಗಿನ ಭಾಗ ಇದೆಯಲ್ಲ, ಅದಕ್ಕೇ ತಾನೇ ದುಡ್ಡು ಕೊಟ್ಟಿದ್ದು! ಅಲ್ಲೂ ಕೈ ಬ್ಲೇಡಿನಿಂದ ಒಂದು ಗೇಣು ದೂರ ಇರಲಿ. ಗಿಡ್ಡ ತುಂಡಾದರೆ ಕ್ಲಾಂಪ್ ಹಾಕಿ. ಕೊಯ್ದ ಮೇಲೆ ಬಟನ್ ಬಿಟ್ಟು, ಬ್ಲೇಡ್ ನಿಂತ ಮೇಲೇ ತೋಳು ಎತ್ತಿ. ತಿರುಗುತ್ತಿರುವಾಗಲೇ ಎತ್ತಿದರೆ ಸಣ್ಣ ಚೂರು ಗುಂಡಿನ ಹಾಗೆ ಹೋಗುತ್ತೆ. ಮೇಲೆ ಸೀಳುವಾಗ ಕೊನೆಯ ಅರ್ಧ ಅಡಿಗೆ ಕೋಲಿನಿಂದ ತಳ್ಳಿ, ಪ್ಲೈವುಡ್ ತುಂಡಿನಲ್ಲಿ ಐದು ನಿಮಿಷಕ್ಕೆ ಮಾಡಿಕೊಳ್ಳಬಹುದು. ಗ್ಲೌಸ್ ಬೇಡ. ಗ್ಲೌಸ್ ಹಾಕಿದರೆ ಕೈಗೆ ರಕ್ಷಣೆ ಅಂತ ತುಂಬಾ ಜನ ತಿಳಿದಿದ್ದಾರೆ, ಬ್ಲೇಡ್ ಮುಂದೆ ಅದು ಉಲ್ಟಾ, ಬಟ್ಟೆ ಸಿಕ್ಕಿ ಕೈಯನ್ನೇ ಒಳಗೆ ಎಳೆಯುತ್ತೆ. ಹಳೇ ಮನೆ ಮರ ಆದರೆ ಮೊದಲು ಅಯಸ್ಕಾಂತ ಆಡಿಸಿ ಮೊಳೆ ನೋಡಿ.

ಇಷ್ಟು ದುಡ್ಡಿನ ಮೆಷಿನ್ ತಗೊಳ್ಳೋಕೆ ಆಗದ ಹುಡುಗರು ಇನ್ನೂ ಭಯಂಕರ ಕೆಲಸ ಮಾಡ್ತಾರೆ. ಮೂರ್ನಾಲ್ಕು ಸಾವಿರದ ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕಿ, ಪ್ಲೈವುಡ್ಡಿನ ಕೆಳಗೆ ಉಲ್ಟಾ ಕಟ್ಟಿ ಟೇಬಲ್ ಮಾಡಿಕೊಳ್ತಾರೆ. ಅದು ನಿಮಿಷಕ್ಕೆ 12 ಸಾವಿರದ ಆಸುಪಾಸು ಸುತ್ತುತ್ತೆ, ಕಲ್ಲು ಕೊಯ್ಯೋಕೆ ಮಾಡಿದ್ದು. ಅದಕ್ಕೆ ಗಾರ್ಡೂ ಇಲ್ಲ, ರೈವಿಂಗ್ ನೈಫೂ ಇಲ್ಲ. ಎಷ್ಟೋ ಸೈಟುಗಳಲ್ಲಿ ಇದೇ ನಡೀತಿದೆ.

1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿ ಒಂದು ಪಟ್ಟಿ ಇತ್ತು, ಯಾವ ಬೆರಳು ಹೋದರೆ ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ. ಹೆಬ್ಬೆರಳಿಗೆ ಶೇ 30, ಇಡೀ ತೋರುಬೆರಳಿಗೆ 14, ನನ್ನ ಹಾಗೆ ನಡುಬೆರಳಿನ ಒಂದು ಗೆಣ್ಣಿಗೆ 7. ಆದರೆ ಅದು ಇನ್ನೊಬ್ಬರ ಕೈಕೆಳಗೆ ದುಡಿಯುವವರಿಗೆ. ಸ್ವಂತ ಶೆಡ್ಡಿನವನಿಗೆ ಆ 7 ಕೂಡ ಇಲ್ಲ.

ನನ್ನ ಬೇಡಿಕೆ ಏನೂ ದೊಡ್ಡದಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ನಮ್ಮಂಥ ಬಡಗಿಗಳಿಗೆ ಸಲಕರಣೆಗೆ 15 ಸಾವಿರ ರೂಪಾಯಿವರೆಗೆ ಕೊಡುತ್ತಾರೆ, 5ರಿಂದ 7 ದಿನ ತರಬೇತಿಯೂ ಇದೆ. ಒಳ್ಳೆಯದೇ. ಅದರಲ್ಲಿ ಒಂದು ದಿನ ಪೂರ್ತಿ ಕರೆಂಟ್ ಗರಗಸಕ್ಕೇ ಮೀಸಲಿಡಲಿ, ಅದೂ ಬಾಯಿಮಾತಲ್ಲಲ್ಲ, ಓಡುವ ಮೆಷಿನ್ ಮುಂದೆ. ಇನ್ನು ಈ ಮೆಷಿನ್ ಮಾರುವವರು. ನನ್ನ ಮೆಷಿನ್ ಜೊತೆ ದಪ್ಪ ಪುಸ್ತಕವೇ ಬಂತು, ನಾಲ್ಕೈದು ಭಾಷೆ ಇದೆ, ಕನ್ನಡ ಇಲ್ಲ. ಅಂಗಡಿಯವರು ಬ್ಲೇಡ್ ಬದಲಿಸೋದು ತೋರಿಸಿದರು, ಪಿನ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಟೇಬಲ್ ಎತ್ತೋದು, ಪಿನ್ ಹಾಕೋದು, ಕರೆಂಟ್ ಹೋದರೆ ಸ್ವಿಚ್ ಆರಿಸಿ ಪ್ಲಗ್ ಕೀಳೋದು, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಮೆಷಿನ್ನಿಗೇ ಅಂಟಿಸೋಕೆ ಎಷ್ಟು ಖರ್ಚಾಗುತ್ತೆ?

ನಿಮಗೂ ಒಂದು ಮಾತು. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವ ಫೋಟೋವನ್ನು ಮೆಚ್ಚಿ ಹಾಕ್ತೀರಾ? ಇದೂ ಹಾಗೇ. ಮುಂದಿನ ಸಲ ಫೋಟೋ ತೆಗೆಯುವಾಗ ಮೆಷಿನ್ ಆಫ್ ಮಾಡಿಸಿ, ಗಾರ್ಡ್ ಹಾಕಿಸಿ, ಆಮೇಲೆ ಎಷ್ಟು ಬೇಕಾದರೂ ನಗಲಿ.

ಆ ಹುಡುಗನಿಗೆ ಈ ಪತ್ರ ತಲುಪಿಸಿದರೆ ಉಪಕಾರ. ಗಾರ್ಡ್ ಕಳೆದುಹೋಗಿದ್ದರೆ ನನ್ನ ಹತ್ತಿರ ಹಳೆಯದೊಂದು ಜಾಸ್ತಿ ಇದೆ. ಅವನ ಮಾಡೆಲ್ಲಿಗೆ ಕೂರುತ್ತೋ ಇಲ್ಲವೋ ನೋಡಬೇಕು, ಬ್ಲೇಡಿನ ಅಳತೆ ಬರೆದು ಕಳಿಸಲಿ.

— ಒಬ್ಬ ಬಡಗಿ, ಸಾಗರ