ನನ್ನ ಲಾರಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದೆ, ನಿಮ್ಮ ಸೇತುವೆಗೆ?

ಮಾನ್ಯ ಲೋಕೋಪಯೋಗಿ ಸಚಿವರಿಗೆ ನಮಸ್ಕಾರಗಳು.

ಕೋಲಾರದವನಿಗೂ ಕರಾವಳಿಯ ಸೇತುವೆಗಳಿಗೂ ಏನು ಸಂಬಂಧ ಎಂದು ನಿಮ್ಮ ಆಪ್ತ ಸಹಾಯಕರು ಕೇಳಬಹುದು. ನಮ್ಮ ಜಿಲ್ಲೆಗೆ ಸಮುದ್ರವಿಲ್ಲ, ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಪಾಲಾರ್ ನಕ್ಷೆಯಲ್ಲಿ ನದಿ, ಹೆಚ್ಚಿನ ವರ್ಷಗಳಲ್ಲಿ ನಮ್ಮ ಕಣ್ಣಿಗೆ ಮರಳು. ಆದರೆ ನಮ್ಮಲ್ಲಿ ಟೊಮೆಟೊ ಇದೆ. ಕೋಲಾರದ ಮಂಡಿಯಿಂದ ಹದಿನೈದು ಕೆಜಿಯ ಬಾಕ್ಸ್‌ಗಳನ್ನು ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಕರಾವಳಿಯ ಸಂತೆಗಳಿಗೆ ಸಾಗಿಸುವುದು ನನ್ನ ಹತ್ತೊಂಬತ್ತು ವರ್ಷಗಳ ಕಸುಬು. ನೇತ್ರಾವತಿ, ಫಲ್ಗುಣಿ, ಶರಾವತಿ, ಅಘನಾಶಿನಿ, ಕಾಳಿ ಎಲ್ಲವನ್ನೂ ನಾನು ರಾತ್ರಿಯಲ್ಲೇ ದಾಟಿದ್ದೇನೆ. ನೀರು ಕಂಡದ್ದು ಕಡಿಮೆ. ಜಾಯಿಂಟುಗಳ ಮೇಲೆ ಚಕ್ರ ಹತ್ತಿದಾಗ ಆಗುವ ಸದ್ದಿನಿಂದಲೇ ಯಾವ ಸೇತುವೆ ಎಂದು ಹೇಳಬಲ್ಲೆ.

ಕಳೆದ ವರ್ಷ ಮಳೆಗಾಲದಲ್ಲಿ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಊರಿನ ಹೆಸರು ಬೇಡ. ಹೆದ್ದಾರಿಯಿಂದ ಒಳಕ್ಕೆ ತಿರುಗಿ ಅಳಿವೆಯೊಂದರ ಮೇಲಿನ ಹಳೆಯ ಸೇತುವೆ ದಾಟಿದರೆ ನಾನು ಮಾಲು ಇಳಿಸಬೇಕಾದ ಸಂತೆ. ರಾತ್ರಿ ಹನ್ನೊಂದಕ್ಕೆ ಅಲ್ಲಿಗೆ ತಲುಪಿದಾಗ ಅಡ್ಡಲಾಗಿ ಸರಪಳಿ ಕಟ್ಟಿ, '10 ಟನ್‌ಗಿಂತ ಹೆಚ್ಚಿನ ಭಾರದ ವಾಹನಗಳಿಗೆ ನಿಷೇಧ' ಎಂದು ಸುಣ್ಣದಲ್ಲಿ ಬರೆದ ತಗಡನ್ನು ನೇತುಹಾಕಿದ್ದರು. ಈ ತಗಡು ಹೆದ್ದಾರಿಯ ತಿರುವಿನಲ್ಲೇ ಇದ್ದಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಸೇತುವೆಯ ಬಾಯಲ್ಲಿ ಹಾಕಿದರೆ, ಬಲಕ್ಕೆ ಗದ್ದೆ, ಎಡಕ್ಕೆ ಉಪ್ಪು ನೀರು, ಲಾರಿ ತಿರುಗಿಸುವುದು ಎಲ್ಲಿ? ಬೆಳಿಗ್ಗೆಯವರೆಗೆ ನಿಂತೆ. ನಾನೂರು ಬಾಕ್ಸ್ ಹಣ್ಣು. ಟಾರ್ಪಾಲಿನ ಕೆಳಗೆ ಸೆಕೆ ಕುದಿಯುತ್ತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಹಿಂಬದಿಯ ಹಲಗೆಯ ಸಂದಿಯಿಂದ ಕೆಂಪು ರಸ ತೊಟ್ಟಿಕ್ಕತೊಡಗಿತು.

ಆರು ಗಂಟೆಗೆ ಕಾವಲಿನವರು ಬದಲಾದರು. ಹೊಸದಾಗಿ ಬಂದವರು ಲೋಡು ಸೇರಿ ಎಷ್ಟು ಎಂದು ಕೇಳಿದರು. ಹನ್ನೊಂದು ಟನ್ ಎಂದೆ. 'ಒಂದು ಟನ್ ತಾನೇ ಜಾಸ್ತಿ, ನಿಧಾನವಾಗಿ ಹೋಗಿ' ಎಂದು ಸರಪಳಿ ಬಿಚ್ಚಿದರು!

ಸ್ವಾಮಿ, ನಾನು ಹೋದೆ. ಹೋಗಬಾರದಿತ್ತು. ಕ್ಲೀನರ್ ಆಗಿ ಬಂದಿದ್ದವನು ನನ್ನ ಅಕ್ಕನ ಮಗ. ಅವನನ್ನು ಇಳಿಸಿ ಮುಂದೆ ನಡೆದುಹೋಗಲು ಹೇಳಿದೆ. ಅವನು ಆಚೆ ದಡ ಸೇರಿ ಕೈ ಎತ್ತಿದ ಮೇಲೆ, ಬಾಗಿಲು ತೆರೆದಿಟ್ಟುಕೊಂಡು, ಮೊದಲ ಗೇರಿನಲ್ಲಿ ದಾಟಿದೆ. ಬಿದ್ದರೆ ಒಬ್ಬನೇ ಬೀಳಲಿ ಎಂಬ ಲೆಕ್ಕ. ಅಕ್ಕನಿಗೆ ಇದು ಇನ್ನೂ ಗೊತ್ತಿಲ್ಲ. ಆಚೆಯ ವ್ಯಾಪಾರಿ ಅರ್ಧಕ್ಕೂ ಹೆಚ್ಚು ಬಾಕ್ಸ್‌ಗಳನ್ನು ಬೇಡವೆಂದರು. ರೈತ ನನ್ನನ್ನು ಬೈದ, ನಾನು ಯಾರನ್ನು ಬೈಯಲಿ?

ರಾತ್ರಿ ಬೇಸರಕ್ಕೆ ಟಾರ್ಚು ಹಿಡಿದು ಅಡ್ಡಾಡುವಾಗ ಸೇತುವೆಯ ಕೈಗೋಡೆಯಲ್ಲಿ ಒಂದು ಕಲ್ಲು ಕಂಡಿತ್ತು. ಪಾಚಿ ಕೆರೆದರೆ '1964' ಎಂಬ ಅಂಕಿ. ಊರಿಗೆ ಬಂದ ಮೇಲೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಮೂರು ಪ್ರಶ್ನೆ ಕೇಳಿದೆ: ಈ ಸೇತುವೆ ಕಟ್ಟಿದ್ದು ಯಾವಾಗ, ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಬದಲಿಸುವುದು ಯಾವಾಗ. ಮೂವತ್ತು ದಿನಗಳಲ್ಲಿ ಬರಬೇಕಾದ ಉತ್ತರ ಐದು ತಿಂಗಳಿಗೆ ಬಂತು. 'ಸದರಿ ಸೇತುವೆಯ ನಿರ್ಮಾಣ ವರ್ಷದ ಕುರಿತ ಕಡತ ಲಭ್ಯವಿರುವುದಿಲ್ಲ. ಉಳಿದ ಅಂಶಗಳು ಉದ್ಭವಿಸುವುದಿಲ್ಲ.' ಕಲ್ಲಿನಲ್ಲಿ ಕೆತ್ತಿದ್ದು ಕಡತದಲ್ಲಿ ಇಲ್ಲ! ಆ ಕಚೇರಿಯಿಂದ ಒಬ್ಬರು, ಒಬ್ಬರೇ ಒಬ್ಬರು, ಟಾರ್ಚು ತೆಗೆದುಕೊಂಡು ಹೋಗಿದ್ದರೆ ಸಾಕಿತ್ತು.

ನಿಯಮ ನಿಮಗೆ ತಿಳಿದೇ ಇದೆ. ಸೇತುವೆಗಳ ಪರೀಕ್ಷೆ ಮತ್ತು ನಿರ್ವಹಣೆಗೆ ಭಾರತೀಯ ರಸ್ತೆ ಕಾಂಗ್ರೆಸ್ ಕೊಟ್ಟಿರುವ ಮಾರ್ಗಸೂಚಿ, ಎಸ್‌ಪಿ 35ನ್ನು, ನಾನು ನಿಮಗೆ ಓದಿ ಹೇಳಬೇಕಾಗಿಲ್ಲ. ಹೆದ್ದಾರಿ ಸೇತುವೆಗಳಿಗೆಲ್ಲ ಒಂದೊಂದು ಗುರುತಿನ ಸಂಖ್ಯೆ ಕೊಟ್ಟು ಅವುಗಳ ಸ್ಥಿತಿಯನ್ನು ದಾಖಲಿಸುವ ವ್ಯವಸ್ಥೆಯನ್ನು ಕೇಂದ್ರ 2016ರಲ್ಲೇ ಆರಂಭಿಸಿತು. ಎಲ್ಲ ಇದೆ. ಸೇತುವೆಯ ಮೇಲೆ ಹೋಗುವವನಿಗೆ ಹೇಳುವವರು ಮಾತ್ರ ಇಲ್ಲ.

2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಮೇಲೆ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನಾಲ್ಕು ದಶಕ ದಾಟಿದ ಸೇತುವೆ. ತಮಿಳುನಾಡಿನ ಚಾಲಕನೊಬ್ಬ ಲಾರಿ ಸಮೇತ ನೀರಿಗೆ ಬಿದ್ದು, ಕ್ಯಾಬಿನ್ ಮೇಲೆ ಹತ್ತಿ, ಪೊಲೀಸರು ಮತ್ತು ಮೀನುಗಾರರ ನೆರವಿನಿಂದ ಬದುಕಿದ. ನಮ್ಮ ಗಡಿಯಾಚೆಯವನು, ನಮ್ಮ ಕಸುಬಿನವನು. ಪಕ್ಕದಲ್ಲೇ ಹೊಸ ಸೇತುವೆ ಇದ್ದುದರಿಂದ ದಾರಿ ಉಳಿಯಿತು. ಅದಕ್ಕೂ ಮೊದಲು, 2018ರ ಜೂನ್‌ನಲ್ಲಿ, ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿಯ ಮೇಲಿನ ಸೇತುವೆ ಬಿದ್ದಿತ್ತು. 2025ರ ಜುಲೈನಲ್ಲಿ ಗುಜರಾತಿನ ಗಂಭೀರಾ ಸೇತುವೆ ಮುರಿದಾಗ ತುದಿಯಲ್ಲಿ ನೇತಾಡುತ್ತಿದ್ದ ಟ್ಯಾಂಕರಿನ ಚಿತ್ರ ನಮ್ಮ ಚಾಲಕರೆಲ್ಲರ ಮೊಬೈಲಿಗೆ ಬಂತು. ಅದನ್ನು ನೋಡಿ ನನ್ನ ಹೆಂಡತಿ ಒಂದು ವಾರ ನನ್ನನ್ನು ಘಾಟಿ ಇಳಿಯಲು ಬಿಡಲಿಲ್ಲ.

ಕರಾವಳಿಯಲ್ಲಿ ಉಪ್ಪು ಏನು ಮಾಡುತ್ತದೆ ಎಂಬುದಕ್ಕೆ ನನ್ನ ಲಾರಿಯ ಷಾಸಿಯೇ ಸಾಕ್ಷಿ. ಪ್ರತಿ ಸಲ ವಾಪಸು ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಸದಿದ್ದರೆ ಒಂದೇ ಮಳೆಗಾಲಕ್ಕೆ ಪದರ ಏಳುತ್ತದೆ. ಸೇತುವೆಯಲ್ಲೂ ಅದೇ ಕಥೆ, ನಡೆಯುವುದು ಒಳಗೆ. ಕಾಂಕ್ರೀಟಿನೊಳಕ್ಕೆ ಉಪ್ಪಿನಂಶ ಇಳಿದು ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಸೀಳುತ್ತದೆ. ಗೋವಾದ ಮಾಂಡೋವಿ ಸೇತುವೆ 1986ರಲ್ಲಿ ಬಿದ್ದಾಗ ಅದಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಹೊರಗಿನಿಂದ ಹಳದಿ ಕಪ್ಪು ಪಟ್ಟೆ ಬಳಿದು 'ದುರಸ್ತಿ' ಎಂದು ಬಿಲ್ಲು ಮಾಡಿದರೆ ಒಳಗಿನ ಕಂಬಿಗೆ ಅದು ತಿಳಿಯುವುದಿಲ್ಲ.

ನನ್ನ ಲಾರಿಗೆ ಎಂಟು ವರ್ಷ ದಾಟಿದೆ. ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಒಂದು ದಿನ ತಡವಾದರೂ ನಡುರಸ್ತೆಯಲ್ಲಿ ನಿಲ್ಲಿಸುತ್ತಾರೆ, ದಂಡ ಹಾಕುತ್ತಾರೆ, ಸರಿಯೇ. ಹನ್ನೊಂದು ಟನ್ನಿನ ಗಾಡಿಗೆ ಇಷ್ಟು ಕಟ್ಟುನಿಟ್ಟು. ಅಂಥ ನೂರಾರು ಗಾಡಿಗಳನ್ನು ದಿನವೂ ಹೊರುವ ಸೇತುವೆಯ ಎಫ್‌ಸಿ ಎಲ್ಲಿದೆ? ತೋರಿಸಿ.

ಕೇಳುತ್ತಿರುವುದು ಇಷ್ಟೇ. ಕರಾವಳಿಯ ಪ್ರತಿ ಹಳೆಯ ಸೇತುವೆಯ ಎರಡೂ ಬದಿಯಲ್ಲಿ, ಅದಕ್ಕೆ ತಿರುಗುವ ಹೆದ್ದಾರಿಯ ಕವಲಿನಲ್ಲಿ ಕೂಡ, ಒಂದು ಫಲಕ ಹಾಕಿಸಿ. ಕಟ್ಟಿದ ವರ್ಷ, ಕೊನೆಯ ಪರೀಕ್ಷೆಯ ದಿನಾಂಕ, ಹೊರಬಲ್ಲ ಭಾರ, ಬದಲಿಸುವ ವರ್ಷ. ಕೊನೆಯದನ್ನು ಬಿಡಬೇಡಿ. ಡಿಪಿಆರ್ ಎಂಬ ವಿವರ ಯೋಜನಾ ವರದಿ, ಭೂಸ್ವಾಧೀನ, ಕರಾವಳಿ ನಿಯಂತ್ರಣ ವಲಯದ ಅನುಮತಿ, ಟೆಂಡರು, ನಡುವೆ ಮಳೆಗಾಲಕ್ಕೆ ಹೊಳೆಯಲ್ಲಿ ಕೆಲಸ ಬಂದ್. ಬಿದ್ದ ದಿನ ಆರಂಭಿಸಿದರೆ ಜನ ಎಷ್ಟು ವರ್ಷ ದೋಣಿಯಲ್ಲಿ ಓಡಾಡಬೇಕೆಂದು ನಿಮ್ಮ ಎಂಜಿನಿಯರುಗಳನ್ನೇ ಕೇಳಿ. ಆದ್ದರಿಂದ ಬದಲಿಸುವ ವರ್ಷವನ್ನು ಈಗಲೇ ಬರೆಯಿಸಿ. ಬರೆಯಲು ಧೈರ್ಯವಿಲ್ಲದಿದ್ದರೆ ಕೊನೆಯ ಪರೀಕ್ಷೆಯ ದಿನಾಂಕವನ್ನಾದರೂ ಬರೆಯಿಸಿ. ಅದೂ ಇಲ್ಲದಿದ್ದರೆ 'ಪರೀಕ್ಷಿಸಿಲ್ಲ' ಎಂದಾದರೂ ಬರೆಯಿಸಿ, ನಾವು ಬಾಗಿಲು ತೆರೆದಿಟ್ಟುಕೊಂಡು ಹೋಗುತ್ತೇವೆ.

ಹೆದ್ದಾರಿ ಕೇಂದ್ರದ್ದು, ಒಳರಸ್ತೆ ಜಿಲ್ಲೆಯದ್ದು, ನಮಗೆ ಸಂಬಂಧಿಸಿದ್ದಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆಂದು ಬಲ್ಲೆ. ದಯವಿಟ್ಟು ಆ ಪತ್ರಗಳನ್ನು ನೀವೇ ಒಬ್ಬರಿಗೊಬ್ಬರು ಬರೆದುಕೊಳ್ಳಿ. ನನ್ನ ಅಂಚೆ ಖರ್ಚು ಮುಗಿದಿದೆ.

ಬುಧವಾರ ರಾತ್ರಿ ಅದೇ ಸಂತೆಗೆ ಮತ್ತೆ ಲೋಡು ಇದೆ. ಈ ಸಲ ಅಕ್ಕನ ಮಗನನ್ನು ಕರೆದುಕೊಂಡು ಹೋಗುತ್ತಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಲಾರಿ ಮಾಲೀಕ ಮತ್ತು ಚಾಲಕ,
ಕೋಲಾರ ಜಿಲ್ಲೆ